ನೀರು ಬೋರ್‌ವೆಲ್‌ದು, ಗೋಡು ಕೆರೆಯದು: ಮೃಗಾಲ್ ಮಾತ್ರ ಯಾಕೆ ಸಾಯುತ್ತಿವೆ?

ಕೆಂಗೇರಿ ಮಂಜು | ಭಾನುವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಕೆಂಗೇರಿ ಉಪನಗರದಲ್ಲಿ. ಎಲೆಕ್ಟ್ರಿಕಲ್ ಅಂಗಡಿ ಇಟ್ಟುಕೊಂಡಿದ್ದೇನೆ. ಮೀನು ಸಾಕುವುದು ನನ್ನ ಕಸುಬಲ್ಲ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

ಕುಂಬಳಗೋಡಿನ ಆಚೆ ನಮ್ಮ ಮಾವನವರ ಜಮೀನು ಇದೆ. ಹೋದ ವರ್ಷ ಅಲ್ಲಿ ಒಂದು ಹೊಂಡ ತೋಡಿಸಿದೆವು. 60 ಅಡಿ ಉದ್ದ, 40 ಅಡಿ ಅಗಲ, ಆಳ ಆರಡಿ. ತಳದಲ್ಲಿ ಮರಳು ಮಿಶ್ರಿತ ಕೆಂಪು ಮಣ್ಣು, ನೀರು ನಿಲ್ಲುತ್ತಲೇ ಇರಲಿಲ್ಲ. ಪ್ಲಾಸ್ಟಿಕ್ ಶೀಟ್ ಹಾಕಿಸೋಣ ಅಂದರೆ ರೇಟು ಕೇಳಿ ಮಾವನವರು ಬೇಡ ಅಂದರು. "ಅಳಿಯಂದ್ರೇ, ಗೋಡು ಹಾಕ್ಸಿ. ನೀರೂ ನಿಲ್ತದೆ, ಮೀನಿಗೆ ಮೇವೂ ಆಯ್ತದೆ" ಅಂದರು. ಹೊಲಕ್ಕೆ ಕೆರೆ ಗೋಡು ಹೊಡೆಸಿಕೊಂಡೇ ಬೆಳೆದವರು, ಅವರ ಮಾತಿಗೆ ಎದುರಾಡಲಿಲ್ಲ.

ಆ ಹೊತ್ತಿಗೆ ವೃಷಭಾವತಿ ನೀರು ಬಂದು ಸೇರುವ ಒಂದು ಕೆರೆಯಲ್ಲಿ ಹೂಳು ತೆಗೆಯುತ್ತಿದ್ದರು. ಸಾಗಾಣಿಕೆ ಖರ್ಚು ಕೊಟ್ಟರೆ ಸಾಕು, ಗೋಡು ಸುಮ್ನೆ ಸಿಗುತ್ತಿತ್ತು. ಟ್ರ್ಯಾಕ್ಟರ್‌ನಲ್ಲಿ ತರಿಸಿ ಎರಡು ತಿಂಗಳು ಬದುವಿನ ಮೇಲೆ ಒಣಹಾಕಿ, ಆಮೇಲೆ ಹೊಂಡದ ತಳಕ್ಕೆ ಒಂದಡಿ ದಪ್ಪ ಹರಡಿದೆವು. ನೀರು ಮಾತ್ರ ನಮ್ಮ ಬೋರ್‌ವೆಲ್‌ದು. ಕೆರೆಯ ನೀರು ಒಂದು ಹನಿಯೂ ಬಿಟ್ಟಿಲ್ಲ.

ಬಿಟ್ಟ ಮರಿಗಳು 250. ಕಾಟ್ಲಾ 80, ರೋಹು 80, ಮೃಗಾಲ್ 60, ಗೆಂಡೆ 30. ಈಗ ಐದು ತಿಂಗಳು. ಕಾಟ್ಲಾ ಚೆನ್ನಾಗಿ ಬಂದಿವೆ. ರೋಹು ಪರವಾಗಿಲ್ಲ, ಮೂರು ಸತ್ತವು. ಆದರೆ ಮೃಗಾಲ್ 22, ಗೆಂಡೆ 7 ಹೋದವು. ಬದುಕಿರುವವೂ ತಲೆ ದೊಡ್ಡದು, ಮೈ ಸಣ್ಣದು. ಈಜುರೆಕ್ಕೆಯ ಅಂಚು ಇಲಿ ಕಡಿದ ಹಾಗಿದೆ. ಕೆಲವಕ್ಕೆ ಹೊಟ್ಟೆಯ ಪಕ್ಕ ಕೆಂಪು ಕಲೆ. ಮೇವಿನ ಅಂಗಡಿಯವರು ಪೊಟ್ಯಾಶಿಯಂ ಪರ್ಮಾಂಗನೇಟ್ ಕೊಟ್ಟರು. ನೀರು ಎರಡು ದಿನ ಬಣ್ಣವಾಯಿತು, ಅಷ್ಟೇ. ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿದೆ. ಎಲ್ಲ ಸರಿ ಇದೆ ಅಂತ ರಿಪೋರ್ಟ್ ಬಂತು.

ಒಂದೇ ಹೊಂಡ, ಒಂದೇ ನೀರು. ಮತ್ತೆ ಮೃಗಾಲ್ ಮಾತ್ರ ಯಾಕೆ ಸಾಯುತ್ತವೆ?

---

ಗಾಳದಮನೆ | ಭಾನುವಾರ, ರಾತ್ರಿ 10:15

ಗುರು, ಮೊದಲು ಆಕ್ಸಿಜನ್ ನೋಡು. ಬೆಳಗಿನ ಜಾವ ಐದಕ್ಕೆ ಟಾರ್ಚ್ ಹಿಡಿದು ಹೋಗು. ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದೇ ಕಾರಣ. ಮೈ ಮೇಲೆ ಮೀನು ಹೇನು ಇದೆಯಾ ಅಂತಲೂ ನೋಡು, ಅದು ಕಚ್ಚಿದ ಕಡೆಯೂ ಕೆಂಪಾಗುತ್ತದೆ. ಸುಣ್ಣ ಹಾಕಿದ್ದೀಯಾ?

---

ಕೆಂಗೇರಿ ಮಂಜು | ಸೋಮವಾರ, ಬೆಳಿಗ್ಗೆ 6:05

ಈಗ ಹೊಂಡದ ಹತ್ತಿರವೇ ಇದ್ದೇನೆ ಅಣ್ಣಾ. ಯಾವುದೂ ಬಾಯಿ ಬಿಡುತ್ತಿಲ್ಲ. ಏರೇಟರ್ ರಾತ್ರಿ ಪೂರ್ತಿ ಓಡುತ್ತದೆ, ಅದೊಂದು ಕೆಲಸ ನನಗೆ ಗೊತ್ತು. ಹೇನು ಕಾಣಲಿಲ್ಲ. ಸುಣ್ಣ ಶುರುವಿನಲ್ಲಿ ಒಮ್ಮೆ ಹಾಕಿದ್ದೆವು. ಇವತ್ತು ಮತ್ತೊಂದು ಮೃಗಾಲ್ ತೇಲಿದೆ.

---

ಸೀಸದಕಡ್ಡಿ | ಸೋಮವಾರ, ಮಧ್ಯಾಹ್ನ 2:30

ಮಂಜು ಅವರೇ, ನೀವು ಕೊಟ್ಟ ಲೆಕ್ಕವೇ ಅರ್ಧ ಉತ್ತರ. ಸತ್ತ ಕಾಟ್ಲಾ ಸೊನ್ನೆ, ರೋಹು ಮೂರು, ಮೃಗಾಲ್ ಇಪ್ಪತ್ತೆರಡು. ಆ ಮೂರು ಮೀನುಗಳ ಬಾಯಿ ಒಂದು ಸಲ ನೋಡಿ. ಕಾಟ್ಲಾದ ಬಾಯಿ ಮೇಲಕ್ಕೆ ತಿರುಗಿದೆ, ಅದು ನೀರಿನ ಮೇಲ್ಭಾಗದಲ್ಲಿ ತಿನ್ನುತ್ತದೆ. ರೋಹು ನಡುನೀರಿನಲ್ಲಿ. ಮೃಗಾಲ್ ಬಾಯಿ ಕೆಳಕ್ಕಿದೆ, ಅದರ ಊಟ ತಳದಲ್ಲಿ. ಗೆಂಡೆಯಂತೂ ಹಂದಿಯ ಹಾಗೆ ಮೂತಿಯನ್ನು ಕೆಸರಿಗೆ ತೂರಿಸುತ್ತದೆ. ಬಾಯಿ ತುಂಬ ಮಣ್ಣು ಎಳೆದುಕೊಂಡು, ಹುಳವನ್ನು ಒಳಗಿಟ್ಟುಕೊಂಡು, ಮಣ್ಣನ್ನು ಉಗುಳುತ್ತದೆ. ತಳಕ್ಕೆ ಎಷ್ಟು ಹತ್ತಿರವೋ ಅಷ್ಟು ಸಾವು. ನೀವು ನೀರನ್ನು ಪರೀಕ್ಷೆಗೆ ಕೊಟ್ಟಿರಿ. ಗೋಡನ್ನು ಯಾರೂ ನೋಡಲಿಲ್ಲ.

ನಾನು 26 ವರ್ಷ ಒಂದು ಲ್ಯಾಬಿನಲ್ಲಿ ನೀರು, ಮಣ್ಣು ಪರೀಕ್ಷೆ ಮಾಡಿ ನಿವೃತ್ತಿಯಾದವಳು. ಕೆರೆಯ ಹೂಳು ಬಂದ ದಿನ ನಮ್ಮಲ್ಲಿ ಯಾರೂ ಊಟದ ಡಬ್ಬಿ ಬಿಚ್ಚುತ್ತಿರಲಿಲ್ಲ. ನೀರಿನ ಸ್ಯಾಂಪಲ್ ಬಾಟಲಿಯಲ್ಲಿ ತಿಳಿಯಾಗಿ ಕೂತಿರುತ್ತಿತ್ತು. ಅದೇ ಜಾಗದ ಹೂಳನ್ನು ಆಸಿಡ್‌ನಲ್ಲಿ ಕುದಿಸಿ ಮೆಷಿನ್‌ಗೆ ಕೊಟ್ಟರೆ ಬೇರೆಯೇ ಕಥೆ. ಎಷ್ಟೋ ಸಲ ನೀರಿನಲ್ಲಿ ಇಲ್ಲವೇ ಇಲ್ಲ ಅಂತ ಬರೆದ ಲೋಹವನ್ನು ಹೂಳಿನ ಕಾಲಂನಲ್ಲಿ ದೊಡ್ಡ ಅಂಕಿಯಾಗಿ ಬರೆದಿದ್ದೇನೆ.

ನನ್ನ ಮನೆ ಬಸವನಗುಡಿ. ವೃಷಭಾವತಿ ಹುಟ್ಟುವುದು ನಮ್ಮ ದೊಡ್ಡ ಬಸವಣ್ಣನ ಪಾದದಲ್ಲಿ ಅಂತ ಹಿರಿಯರ ನಂಬಿಕೆ. ಅಲ್ಲಿಂದ ಮೈಸೂರು ರಸ್ತೆಯ ಗಾಳಿ ಆಂಜನೇಯನ ಪಕ್ಕ ಹಾದು, ಕೆಂಗೇರಿ, ಬಿಡದಿ ಕಡೆ ಇಳಿದು, ಬೈರಮಂಗಲ ಜಲಾಶಯಕ್ಕೆ ಹೋಗುತ್ತದೆ. ಮುಂದೆ ಅರ್ಕಾವತಿ, ಸಂಗಮದಲ್ಲಿ ಕಾವೇರಿ. ಈ ದಾರಿಯಲ್ಲಿ ಅದಕ್ಕೆ ಬೀಳುವುದು ಬರೀ ಕಕ್ಕಸಿನ ನೀರಲ್ಲ. ಪೀಣ್ಯ ಕಡೆಯ ಪ್ಲೇಟಿಂಗ್ ಶೆಡ್‌ಗಳ, ಅಂದರೆ ಲೋಹದ ಸಾಮಾನಿಗೆ ಹೊಳಪಿನ ಲೇಪ ಹಾಕುವ ಕಡೆಯ, ಕ್ರೋಮಿಯಂ, ನಿಕ್ಕಲ್. ಗ್ಯಾರೇಜುಗಳ ಸುಟ್ಟ ಆಯಿಲ್. ಮಳೆ ಬಂದಾಗ ರಸ್ತೆ ತೊಳೆದ ಮಸಿ. ಸೀಸ ಬೆರೆಸಿದ ಪೆಟ್ರೋಲ್ ಮಾರುವುದು ನಮ್ಮ ದೇಶದಲ್ಲಿ 2000ರಲ್ಲಿ ನಿಂತಿತು. ಆದರೆ ಅದಕ್ಕೂ ಮುಂಚೆ ಹೊಗೆಯಲ್ಲಿ ಬಂದು ಬಿದ್ದ ಸೀಸ ಎಲ್ಲಿಗೆ ಹೋಗುತ್ತೆ ಹೇಳಿ? ಲೋಹ ಕೊಳೆಯುವುದಿಲ್ಲ. ಜೇಡಿಯ ಸಣ್ಣ ಕಣಕ್ಕೆ ಅಂಟಿಕೊಂಡು ತಳ ಸೇರುತ್ತದೆ. ನೀರು ಹರಿದು ತಮಿಳುನಾಡು ಮುಟ್ಟಿರುತ್ತದೆ, ಅದು ಮಾತ್ರ ಕೂತಲ್ಲೇ ಕೂತಿರುತ್ತದೆ. (ನನ್ನ ಹೆಸರು ನೋಡಿ ನಗಬೇಡಿ. ಸೀಸದಕಡ್ಡಿಯಲ್ಲಿ ಸೀಸ ಇರುವುದಿಲ್ಲ, ಅದು ಗ್ರಾಫೈಟ್.)

ಈಗ ನೀವು ಮಾಡಿದ ಒಂದು ಕೆಲಸದ ಬಗ್ಗೆ. ಬೈಯುತ್ತಿಲ್ಲ, ಎಲ್ಲರೂ ಹಾಗೇ ಮಾಡುತ್ತಾರೆ. ಗೋಡನ್ನು ಎರಡು ತಿಂಗಳು ಒಣಗಿಸಿದಿರಿ. ಕೆರೆಯ ತಳದಲ್ಲಿ ಗಾಳಿ ಇಲ್ಲದ ಕಡೆ ಗಂಧಕ ಸೀಸ, ಸತು, ನಿಕ್ಕಲ್, ಕ್ಯಾಡ್ಮಿಯಂಗಳನ್ನು ಹಿಡಿದು ಕರಗದ ಹಾಗೆ ಕಟ್ಟಿಹಾಕಿರುತ್ತದೆ. ಆ ಮಣ್ಣು ಕಪ್ಪಗೆ ಕಾಣುವುದು ಇಂಥ ಗಂಧಕದ ಸಂಯುಕ್ತಗಳಿಂದಲೇ, ಹೆಚ್ಚಾಗಿ ಕಬ್ಬಿಣದ್ದು. ಬಿಸಿಲಿಗೆ ಹರಡಿದರೆ ಗಾಳಿ ತಗುಲಿ ಆ ಗಂಟು ಬಿಚ್ಚಿಕೊಳ್ಳುತ್ತದೆ, ಸ್ವಲ್ಪ ಹುಳಿಯೂ ಹುಟ್ಟುತ್ತದೆ. ಒಣಗಿದ ಮೇಲೆ ಕಪ್ಪು ಹೋಗಿ ಕಂದು ಬಣ್ಣಕ್ಕೆ ತಿರುಗಿತ್ತಾ? ಹಾಗಿದ್ದರೆ ಕಟ್ಟಿಹಾಕಿದ್ದನ್ನು ಬಿಚ್ಚಿ ಮತ್ತೆ ನೀರಿಗೆ ಬಿಟ್ಟಂತಾಯಿತು.

ಮೀನಿನ ಮೈಯಲ್ಲಿ ಏನಾಗುತ್ತದೆ ಅಂದರೆ, ಮೊದಲ ಏಟು ಕಿವಿರಿಗೆ. ಕಿವಿರಿನ ಎಳೆಗಳು ಬಾಚಣಿಗೆಯ ಹಾಗೆ ಬಿಡಿಬಿಡಿಯಾಗಿರಬೇಕು. ಉರಿ ತಾಳಲಾರದೆ ಅವು ಲೋಳೆ ಸುರಿಸುತ್ತವೆ, ಚರ್ಮ ದಪ್ಪವಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಆಮೇಲೆ ನೀರಿನಲ್ಲಿ ಆಕ್ಸಿಜನ್ ಎಷ್ಟಿದ್ದರೇನು, ಒಳಗೆ ಹೋಗಬೇಕಲ್ಲ. ಸೀಸ, ಕ್ಯಾಡ್ಮಿಯಂ ಎರಡೂ ಕ್ಯಾಲ್ಸಿಯಂ ಒಳಹೋಗುವ ಬಾಗಿಲಿನಿಂದಲೇ ನುಗ್ಗುತ್ತವೆ. ಇಲ್ಲಿ ನಮ್ಮ ಗಡಸು ಬೋರ್ ನೀರು ಮೀನಿಗೆ ಒಂದು ಉಪಕಾರ ಮಾಡುತ್ತದೆ. ಗೀಸರ್ ಕಾಯಿಲ್ ತಿನ್ನುವ ಅದೇ ಕ್ಯಾಲ್ಸಿಯಂ ಬಾಗಿಲಲ್ಲಿ ಅಡ್ಡ ನಿಂತು ಲೋಹವನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ನಿಮ್ಮ ಕಾಟ್ಲಾ ಚೆನ್ನಾಗಿರುವುದಕ್ಕೆ ಅದೂ ಒಂದು ಕಾರಣ ಇರಬಹುದು. ಆದರೆ ಮೃಗಾಲ್‌ಗೆ ವಿಷ ಹೋಗುವುದು ನೀರಿನಿಂದ ಮಾತ್ರ ಅಲ್ಲ, ಊಟದ ಜೊತೆ. ತಳದಲ್ಲಿ ಕೆಂಪು ಹುಳಗಳು ಕೆಸರನ್ನೇ ತಿಂದು ಬದುಕುತ್ತವೆ, ಮೃಗಾಲ್ ಆ ಹುಳವನ್ನೂ ಕೆಸರನ್ನೂ ತಿನ್ನುತ್ತದೆ. ನೀರು ಎಷ್ಟು ಗಡಸಾಗಿದ್ದರೂ ಹೊಟ್ಟೆಗೆ ಹೋದದ್ದನ್ನು ತಡೆಯುವುದಿಲ್ಲ.

ಹೊಟ್ಟೆಯಿಂದ ಲಿವರ್‌ಗೆ, ಕಿಡ್ನಿಗೆ. ಲೋಹವನ್ನು ಹಿಡಿದಿಡಲು ಲಿವರ್ ಒಂದು ಬಗೆಯ ಪ್ರೋಟೀನ್ ತಯಾರಿಸುತ್ತದೆ. ತಿಂದ ಮೇವಿನ ಶಕ್ತಿ ಅದಕ್ಕೇ ಖರ್ಚಾದರೆ ಮೈ ಬೆಳೆಯುವುದು ಹೇಗೆ? ನೀವು ಹೇಳಿದ ದೊಡ್ಡ ತಲೆ, ಸಣ್ಣ ಮೈ ಅದೇ. ಕೊನೆಗೆ ರೋಗ ತಡೆಯುವ ಶಕ್ತಿ ಕುಗ್ಗುತ್ತದೆ. ಏರೋಮೋನಾಸ್ ಅನ್ನುವ ಬ್ಯಾಕ್ಟೀರಿಯಾ ಎಲ್ಲ ಹೊಂಡದಲ್ಲೂ ಇರುತ್ತದೆ, ಗಟ್ಟಿ ಮೀನನ್ನು ಅದು ಮುಟ್ಟುವುದಿಲ್ಲ. ಸೋತ ಮೀನಿಗೆ ಕೆಂಪು ಕಲೆ, ಈಜುರೆಕ್ಕೆ ಕೊಳೆಯುವುದು ಎಲ್ಲ ಅದರಿಂದ. ಮೇವಿನ ಅಂಗಡಿಯವರು ಆ ಕಲೆಗೆ ಔಷಧಿ ಕೊಟ್ಟರು. ಕಲೆ ಕೊನೆಗೆ ಬಂದದ್ದು.

ಎಲ್ಲ ಹುಣ್ಣೂ ಕೆಸರಿನದೇ ಅಂತ ಹೇಳುತ್ತಿಲ್ಲ. ಚಳಿಗಾಲದಲ್ಲಿ ಬೂಷ್ಟಿನಂಥ ಒಂದು ಜೀವಿಯಿಂದಲೂ ದೊಡ್ಡ ಹುಣ್ಣಾಗುತ್ತದೆ. 1988ರಿಂದ ನಮ್ಮ ದೇಶದಲ್ಲಿ ಇರುವ ರೋಗ ಅದು. ಆದರೆ ಅದರಲ್ಲಿ ಮಾಂಸ ಗುಳಿ ಬಿದ್ದು ಕಾಣುತ್ತದೆ. ನಿಮ್ಮದು ಹಾಗಿಲ್ಲ ಅನ್ನಿಸುತ್ತದೆ. ಒಂದು ಮೃಗಾಲ್ ಕೊಯ್ದು ನೋಡಿ, ಕಿವಿರು, ಲಿವರ್ ಬಣ್ಣ ಹೇಳಿ.

---

ಬಲೆ ಬೀಸಣ್ಣ | ಸೋಮವಾರ, ಸಂಜೆ 7:50

ಮೇಡಂ ಹೇಳಿದ್ದು ಸರಿ. ಆದರೂ ನಂದೊಂದು ತಕರಾರು ಇದೆ. ನಾನು ಹದಿನೈದು ವರ್ಷದಿಂದ ಕೆರೆ ಗುತ್ತಿಗೆ ಹಿಡಿದು ಮೀನು ಬಿಡುವವನು. ಕೆಸರು ಮೀನನ್ನು ಲೋಹದಿಂದ ಕೊಲ್ಲುವುದು ನಿಧಾನ. ನಾನು ಕಂಡ ಸಾವೆಲ್ಲ ರಾತ್ರಿ ಬೆಳಗಾಗುವುದರಲ್ಲಿ ಆದದ್ದು. ಏಪ್ರಿಲ್‌ನಲ್ಲಿ ಮೊದಲ ಮಳೆ ಜೋರಾಗಿ ಹೊಡೆಯುತ್ತದೆ. ರಾಜಕಾಲುವೆಯ ಕೊಳಚೆ ನುಗ್ಗಿ ತಳದ ಹೂಳು ಕದಡುತ್ತದೆ. ಕೊಳೆತ ಮೊಟ್ಟೆ ವಾಸನೆ ದಡಕ್ಕೆ ಬರುತ್ತದೆ. ಬೆಳಿಗ್ಗೆ ನೋಡಿದರೆ ಕೆರೆ ಪೂರ್ತಿ ಬೆಳ್ಳಿ ಹೊಟ್ಟೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮಳೆಯೇ ಬೇಕಾಗಲಿಲ್ಲ, ಬರೀ ಬೇಸಿಗೆ ಮತ್ತು ಕೊಳಚೆಗೇ ರಾಶಿ ರಾಶಿ ಸತ್ತು ತೇಲಿದ್ದವು, ಪೇಪರ್‌ನಲ್ಲೆಲ್ಲ ಫೋಟೋ ಬಂದಿತ್ತು.

ಒಂದಡಿ ಗೋಡು ಅಂದಿರಲ್ಲ, ಅದೇ ತಪ್ಪು. ನಾಲ್ಕು ಬೆರಳು ಸಾಕಿತ್ತು. ಅಷ್ಟು ದಪ್ಪ ಹಾಕಿದರೆ ಒಳಗೆ ಕೊಳೆಯುತ್ತಾ ಇರುತ್ತದೆ. ಏರೇಟರ್ ಮೇಲಿನ ನೀರನ್ನು ಆಡಿಸುತ್ತದೆ, ತಳದ ಒಂದು ಗೇಣು ಹಾಗೇ ಇರುತ್ತದೆ. ಮೃಗಾಲ್ ಮೂತಿ ಇಡುವುದು ಆ ಗೇಣಿನಲ್ಲೇ. ಒಂದು ಬಿದಿರು ಗಳ ತಗೊಂಡು ತಳಕ್ಕೆ ಚುಚ್ಚಿ ನೋಡಿ. ಗುಳ್ಳೆ ಬಂದು ಮೊಟ್ಟೆ ವಾಸನೆ ಹೊಡೆದರೆ ನಾನು ಹೇಳಿದ್ದು.

ಇನ್ನೊಂದು. ಕೊಳಚೆ ಕೆರೆಯಲ್ಲೂ ಜಿಲೇಬಿ ಮೀನು ಬದುಕುತ್ತೆ, ಆಫ್ರಿಕನ್ ಕ್ಯಾಟ್‌ಫಿಶ್ ಬದುಕುತ್ತೆ, ಅದನ್ನೇ ಬಿಡಿ ಅಂತ ಯಾರಾದರೂ ಹೇಳುತ್ತಾರೆ. ಕೇಳಬೇಡಿ. ಕ್ಯಾಟ್‌ಫಿಶ್ ಸಾಕುವುದು 2000ದಿಂದಲೇ ಬ್ಯಾನ್. ಅದು ನೀರಿನ ಮೇಲೆ ಬಂದು ಗಾಳಿ ಕುಡಿಯುತ್ತೆ, ಅದಕ್ಕೇ ಸಾಯಲ್ಲ. ತಿನ್ನುವುದು ಅದೇ ಕೆಸರನ್ನೇ ತಾನೆ.

---

ಸೀಸದಕಡ್ಡಿ | ಸೋಮವಾರ, ರಾತ್ರಿ 9:10

ಬೀಸಣ್ಣ, ಒಪ್ಪಿದೆ. ದಪ್ಪದ ವಿಷಯ ನಾನು ಗಮನಿಸಲೇ ಇಲ್ಲ. ಆ ಮೊಟ್ಟೆ ವಾಸನೆಯ ಗ್ಯಾಸ್ ಕಿವಿರಿಗೆ ಲೋಹಕ್ಕಿಂತ ಬೇಗ ಕೆಲಸ ಕೊಡುತ್ತದೆ. ಆದರೆ ಐದು ತಿಂಗಳು ಆಗೊಂದು ಈಗೊಂದರಂತೆ, ಅದೂ ಬಡಕಲಾಗಿ ಸಾಯುವುದು ಬರೀ ಗ್ಯಾಸ್‌ನಿಂದ ಅಂತ ನನಗೆ ಅನ್ನಿಸುವುದಿಲ್ಲ. ಎರಡೂ ಸೇರಿರಬೇಕು.

ನಿಧಾನದ ವಿಷಯ ಬಂತಲ್ಲ, ಒಂದು ಹಳೆಯ ಕಥೆ ಹೇಳುತ್ತೇನೆ. ಅಮೆರಿಕದ ಓಹಾಯೋ ರಾಜ್ಯದಲ್ಲಿ ಬ್ಲ್ಯಾಕ್ ರಿವರ್ ಅಂತ ನದಿ. ದಡದಲ್ಲಿ ಉಕ್ಕಿನ ಕಾರ್ಖಾನೆ, ಅದಕ್ಕೆ ಕಲ್ಲಿದ್ದಲಿನಿಂದ ಕೋಕ್ ಮಾಡುವ ಘಟಕ. ಅದರ ಡಾಂಬರಿನಂಥ ಕೊಳೆ ನದಿಯ ತಳದಲ್ಲಿ ಕೂತಿತ್ತು. 1980ರ ದಶಕದ ಶುರುವಿನಲ್ಲಿ ಅಲ್ಲಿನ ಬುಲ್‌ಹೆಡ್ ಅನ್ನುವ ತಳದ ಮೀನನ್ನು ಕೊಯ್ದರೆ ಬಹಳಷ್ಟಕ್ಕೆ ಲಿವರ್‌ನಲ್ಲಿ ಗೆಡ್ಡೆ, ಕ್ಯಾನ್ಸರ್. 1983ರಲ್ಲಿ ಕೋಕ್ ಘಟಕ ಮುಚ್ಚಿತು. ಮೇಲೆ ಹೊಸ ಮಣ್ಣು ಕೂತು ಹಳೆಯ ಕೊಳೆ ಮುಚ್ಚಿಹೋಯಿತು, ಗೆಡ್ಡೆ ಕಡಿಮೆಯಾಯಿತು. ಆಮೇಲೆ ನದಿ ಶುದ್ಧ ಮಾಡೋಣ ಅಂತ 1990ರ ಹೊತ್ತಿಗೆ ಹೂಳು ತೆಗೆದರು. ತೆಗೆಯುವಾಗ ತಳ ಕದಡಿತು. ಒಂದೆರಡು ವರ್ಷದಲ್ಲಿ ಗೆಡ್ಡೆ ಮತ್ತೆ ಏರಿತು! ಅದಾದ ಮೇಲೆ ಹುಟ್ಟಿದ ಮೀನುಗಳಲ್ಲಿ ಇಳಿಯಿತು. ಅಂದರೆ ಹೂಳು ತೆಗೆದದ್ದು ತಪ್ಪಲ್ಲ. ತೆಗೆಯುವ ರೀತಿ ಮತ್ತು ತೆಗೆದದ್ದನ್ನು ಎಲ್ಲಿ ಹಾಕುತ್ತೀರಿ ಅನ್ನುವುದು ಮುಖ್ಯ. ನಮ್ಮ ಊರಿನಲ್ಲಿ ಹೂಳು ಅಂದರೆ ಎಲ್ಲರಿಗೂ ಗೊಬ್ಬರದ ನೆನಪೇ. ಅಜ್ಜನ ಕಾಲದ ಕೆರೆಗೆ ಅದು ಸರಿ. ಪ್ಲೇಟಿಂಗ್ ಶೆಡ್ಡಿನ ಕೆಳಗಿನ ಕೆರೆಗೆ ಆ ಲೆಕ್ಕ ನಡೆಯುವುದಿಲ್ಲ.

---

ಕೆಂಗೇರಿ ಮಂಜು | ಬುಧವಾರ, ರಾತ್ರಿ 8:20

ಅಂಗಡಿ ಬೇಗ ಮುಚ್ಚಿ ಹೋಗಿ ನೋಡಿ ಬಂದೆ.

ಗಳ ಚುಚ್ಚಿದೆ ಬೀಸಣ್ಣ. ಗುಳ್ಳೆ ಬುಳುಬುಳು ಅಂತ ಎದ್ದವು. ವಾಸನೆಗೆ ನನ್ನ ಹೆಂಡತಿ ಬದುವಿನಿಂದ ಆಚೆ ಹೋಗಿ ನಿಂತಳು. ಗಳದ ತುದಿ ಕರ್ರಗೆ ಬಂತು. ಮೇಡಂ, ಒಣಗಿದಾಗ ಗೋಡು ಕಂದು ಬಣ್ಣವಾಗಿದ್ದು ನಿಜ, ಅಲ್ಲಲ್ಲಿ ತುಕ್ಕಿನ ಹಾಗೆ ಕೆಂಪೂ ಇತ್ತು. ನಾವು ಅದನ್ನು ನೋಡಿ ಒಳ್ಳೆ ಮಣ್ಣಾಯಿತು ಅಂದುಕೊಂಡಿದ್ದೆವು.

ಎರಡು ಮೃಗಾಲ್, ಹೋಲಿಸಲು ಒಂದು ಕಾಟ್ಲಾ ಕೊಯ್ದೆ. ಕಾಟ್ಲಾ ಕಿವಿರು ದಾಸವಾಳದ ಹಾಗೆ ಕೆಂಪು. ಮೃಗಾಲ್‌ದು ಕಾಫಿ ಬಣ್ಣ, ಲೋಳೆ ದಾರದ ಹಾಗೆ ಎಳೆಯುತ್ತದೆ. ಲಿವರ್ ಒಂದರಲ್ಲಿ ಹಳದಿಗೆ ತಿರುಗಿದೆ, ಇನ್ನೊಂದರಲ್ಲಿ ಚುಕ್ಕೆ ಚುಕ್ಕೆ. ಹೊಟ್ಟೆಯೊಳಗೆ ಬರೀ ಕಪ್ಪು ಕೆಸರು. ನಾನು ಹಾಕುವ ಮೇವು ಒಂದು ಕಾಳೂ ಇರಲಿಲ್ಲ. ಅದನ್ನೆಲ್ಲ ಮೇಲಿನವು ತಿಂದು ಮುಗಿಸುತ್ತವೆ ಅಂತ ಕಾಣುತ್ತದೆ.

ಈಗ ಮೂರು ಪ್ರಶ್ನೆ. ಇದು ಗೋಡೇ ಅಂತ ಖಾತ್ರಿ ಮಾಡಿಕೊಳ್ಳುವುದು ಹೇಗೆ? ಕಾಟ್ಲಾ ತಿನ್ನಬಹುದಾ, ಮನೆಯಲ್ಲಿ ತಲೆ ಸಾರಿಗೆ ಕಾಯುತ್ತಿದ್ದಾರೆ. ಹೊಂಡ ಖಾಲಿ ಮಾಡಿದರೆ ಆ ಗೋಡನ್ನು ಪಕ್ಕದ ಸೊಪ್ಪಿನ ಮಡಿಗೆ ಹರಡೋಣ ಅಂತ ಮಾವನವರು ಹೇಳುತ್ತಿದ್ದಾರೆ. ಹರಡಬಹುದಾ?

---

ಸೀಸದಕಡ್ಡಿ | ಬುಧವಾರ, ರಾತ್ರಿ 10:05

ಮೊದಲು ಕೊನೆಯದಕ್ಕೆ: ಸೊಪ್ಪಿನ ಮಡಿಗೆ ಬೇಡವೇ ಬೇಡ. ಪಾಲಕ್, ದಂಟು ಇಂಥ ಸೊಪ್ಪುಗಳು ಕ್ಯಾಡ್ಮಿಯಂ ಅನ್ನು ಬೇರಿನಿಂದ ಎಳೆದು ಎಲೆಯಲ್ಲಿ ಇಟ್ಟುಕೊಳ್ಳುತ್ತವೆ. ಮೀನಿನಿಂದ ತಪ್ಪಿಸಿ ಮಕ್ಕಳ ತಟ್ಟೆಗೆ ಹಾಕಿದ ಹಾಗಾಗುತ್ತದೆ.

ಖಾತ್ರಿಗೆ ಎರಡು ದಾರಿ. ಗೋಡಿನ ಸ್ಯಾಂಪಲ್ ಕೊಡಿ. ಹೊಂಡದ ನಾಲ್ಕೈದು ಕಡೆಯಿಂದ ಮೇಲಿನ ಎರಡು ಇಂಚು ಮಾತ್ರ, ಪ್ಲಾಸ್ಟಿಕ್ ಸೌಟಿನಲ್ಲಿ ತೆಗೆಯಿರಿ. ಸ್ಟೀಲ್ ಸೌಟಿನಲ್ಲಿ ಕ್ರೋಮಿಯಂ, ನಿಕ್ಕಲ್ ಎರಡೂ ಇರುತ್ತವೆ, ಅದು ಬೇಡ. ಕವರಿನಲ್ಲಿ ಗಾಳಿ ಇಲ್ಲದ ಹಾಗೆ ಕಟ್ಟಿ, ಐಸ್ ಡಬ್ಬಿಯಲ್ಲಿ ಇಟ್ಟು ಅವತ್ತೇ ಕೊಡಿ. ನೀರಿನ ಪ್ಯಾಕೇಜ್ ಅಂತ ಹೇಳಿದರೆ ಮತ್ತೆ ಅದೇ ರಿಪೋರ್ಟ್ ಬರುತ್ತದೆ. ಮಣ್ಣಿನಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ, ನಿಕ್ಕಲ್ ನೋಡಿ ಅಂತ ಬಾಯಿಬಿಟ್ಟು ಕೇಳಬೇಕು.

ಇನ್ನೊಂದು ನಿಮ್ಮ ಕೈಯಲ್ಲೇ ಇದೆ. ಎರಡು ಟಬ್ ತಗೊಳ್ಳಿ. ಒಂದಕ್ಕೆ ಈ ಗೋಡು, ಇನ್ನೊಂದಕ್ಕೆ ನಿಮ್ಮ ಹೊಲದ ಕೆಂಪು ಮಣ್ಣು, ಎರಡಕ್ಕೂ ಅದೇ ಬೋರ್ ನೀರು. ಎರಡಕ್ಕೂ ಗಾಳಿ ಪಂಪ್ ಇರಲೇಬೇಕು, ಇಲ್ಲದಿದ್ದರೆ ಆಕ್ಸಿಜನ್ ಸಾಲದೆ ಸತ್ತದ್ದೋ ಗೋಡಿನಿಂದ ಸತ್ತದ್ದೋ ಗೊತ್ತಾಗುವುದಿಲ್ಲ. ಬೇರೆ ಕಡೆಯಿಂದ ತಂದ ಐದೈದು ಮೃಗಾಲ್ ಮರಿ ಬಿಟ್ಟು ಎರಡು ವಾರ ನೋಡಿ. ಒದ್ದಾಡಲು ಶುರುಮಾಡಿದರೆ ತಕ್ಷಣ ತೆಗೆದುಬಿಡಿ. ಪಾಪ, ಸಾಯುವವರೆಗೆ ಕಾಯಬೇಡಿ.

ತಲೆ ಸಾರು... ಇದನ್ನು ಹೇಳಲು ನನಗೂ ಬೇಜಾರು. ಸೀಸ, ಕ್ಯಾಡ್ಮಿಯಂ ಮಾಂಸಕ್ಕಿಂತ ಕಿವಿರು, ಲಿವರ್, ಕಿಡ್ನಿ, ಮೂಳೆಗಳಲ್ಲಿ ಜಾಸ್ತಿ ಕೂಡುತ್ತವೆ. ತಲೆ ಅಂದರೆ ಕಿವಿರು ಮತ್ತು ಮೂಳೆಯೇ ತಾನೆ. ಪಾದರಸ ಇದ್ದರೆ ಅದು ಮಾಂಸದಲ್ಲೇ ಇರುತ್ತದೆ, ತೊಳೆದರೂ ಕುದಿಸಿದರೂ ಹೋಗುವುದಿಲ್ಲ. ಗೋಡಿನ ರಿಪೋರ್ಟ್ ಬರುವವರೆಗೆ ಕಾಟ್ಲಾವನ್ನೂ ಮುಟ್ಟಬೇಡಿ. ಮಾರುವುದೂ ಬೇಡ.

---

ಬಲೆ ಬೀಸಣ್ಣ | ಗುರುವಾರ, ಬೆಳಿಗ್ಗೆ 7:15

ಮಂಜು, ಕಾಟ್ಲಾ, ರೋಹು ಹಿಡಿಯುವಾಗ ಎಳೆಬಲೆ ಹಾಕಬೇಡಿ. ತಳ ಕೆರೆದು ಗ್ಯಾಸ್ ಎದ್ದರೆ ಉಳಿದವೂ ಅವತ್ತೇ ಹೋಗುತ್ತವೆ. ನೀರನ್ನು ಮೇಲಿನಿಂದ ಪಂಪಿನಲ್ಲಿ ನಿಧಾನ ಇಳಿಸಿ, ಮೂರಡಿ ಇರುವಾಗ ಬೀಸುಬಲೆ ಸಾಕು. ಬೆಳಿಗ್ಗೆ ತಂಪು ಹೊತ್ತಿನಲ್ಲಿ. ನನ್ನ ಹತ್ತಿರ ಬಲೆ ಇದೆ, ಭಾನುವಾರ ಬಿಡುವೂ ಇದೆ.

---

ಕೆಂಗೇರಿ ಮಂಜು | ಗುರುವಾರ, ರಾತ್ರಿ 9:30

ಬೀಸಣ್ಣ, ಖಂಡಿತ ಬನ್ನಿ, ಮೆಸೇಜ್ ಮಾಡಿದ್ದೇನೆ. ಅಂಗಡಿಯ ಹಿಂದೆ ಎರಡು ಟಬ್ ಇಟ್ಟು ಪಂಪ್ ಹಾಕಿದ್ದೇನೆ. ನಾಳೆ ಮರಿ ತರುತ್ತೇನೆ. ಗೋಡಿನ ಸ್ಯಾಂಪಲ್ ಇವತ್ತೇ ಕೊಟ್ಟು ಬಂದೆ. ಕೌಂಟರಿನ ಹುಡುಗ "ನೀರು ಎಲ್ಲಿ ಸಾರ್?" ಅಂತ ಎರಡು ಸಲ ಕೇಳಿದ.

ಮೇಡಂ, ಒಂದು ಸಹಾಯ ಬೇಕು. ಸೊಪ್ಪಿನ ಮಡಿ ವಿಷಯ ಮಾವನವರಿಗೆ ಹೇಳಿದೆ. "ನಲವತ್ತು ವರ್ಷದಿಂದ ಗೋಡು ಹೊಡೀತಿವ್ನಿ, ನಂಗೇ ಏಳ್ತೀರಾ" ಅಂದರು. ನೀವು ಬರೆದದ್ದನ್ನು ಅವರಿಗೆ ಓದಿ ಹೇಳಲಾ?

---

ಸೀಸದಕಡ್ಡಿ | ಗುರುವಾರ, ರಾತ್ರಿ 9:55

ಓದಬೇಡಿ, ಲ್ಯಾಬಿನವಳು ಏನೋ ಬರೆದಿದ್ದಾಳೆ ಅಂತಾರೆ. ಆ ಎರಡು ಟಬ್‌ಗಳನ್ನು ಅಂಗಡಿಯಿಂದ ಎತ್ತಿ ಅವರ ಜಗಲಿಯ ಮೇಲೆ ಇಡಿ. ಮರಿಗೆ ಮೇವು ಹಾಕುವ ಕೆಲಸ ಅವರಿಗೇ ಕೊಡಿ.